ಬದಲಿ ಕಾಫಿ

1941 ನವೆಂಬರ್ 3, ಸೋಮವಾರ

ಇಂದೂ ಬಿಳಿ ಬೀಟ್ ಗಡ್ಡೆ ತುರಿದೆ, ಓವನ್ನಿನಲ್ಲಿ ಕಪ್ಪಗೆ ಹುರಿದೆ, ಪುಡಿ ಮಾಡಿದೆ. ಕಾಫಿ. ಹಾಗೆಂದು ಕರೆಯುತ್ತೇವೆ. ಟೀ ಅಂದರೆ ಮುಳ್ಳುಪೊದೆಯ ಎಲೆ, ಉಪ್ಪು ಅಂದರೆ ಸಮುದ್ರದ ನೀರು. ಜರ್ಮನ್ನರು ನಮ್ಮ ಗರ್ನ್ಸಿ ದ್ವೀಪಕ್ಕೆ ಬಂದು ವರ್ಷದ ಮೇಲಾಯಿತು, ನಾವು ಕಲಿತ ಮಾತು ಒಂದೇ — ಎರ್ಸಾಟ್ಸ್. ಬದಲಿ ಮಾಲು. ಈಗ ಚರ್ಚಿನಲ್ಲೂ ಇಂಗ್ಲಿಷಿನ ಮಧ್ಯೆ ಅದೇ.

ನನ್ನ ಗಂಡ ಓಸ್ಮಂಡ್ ಮೂರು ಲೋಟ ಕುಡಿದ. "ಇದೊಂದನ್ನಾದ್ರೂ ಅಳೀದೆ ಕೊಡ್ತೀಯಲ್ಲ, ಪುಣ್ಯಾತ್ಗಿತ್ತಿ."

ಸಕ್ಕರೆ ಕಾಯಿಲೆಯವನಿಗೆ ಬ್ರೆಡ್ಡಿಗೆ ಅಳತೆ, ಆಲೂಗಡ್ಡೆಗೆ ಅಳತೆ. ಡಾಕ್ಟರು ಅಳತೆ ಹೇಳದೆ ಬಿಟ್ಟಿದ್ದು ಬರೀ ಕಾಫಿಗೆ. ಇರುವ ಇನ್ಸುಲಿನ್ ಏಪ್ರಿಲ್‌ನ ಈಸ್ಟರ್‌ವರೆಗೆ ಬರುತ್ತದೆ. ಬರಬೇಕು.

ನವೆಂಬರ್ 9, ಬೆಳಿಗ್ಗೆ

ಮೂತ್ರ ಪರೀಕ್ಷೆ. ನೀಲಿ ದ್ರಾವಣಕ್ಕೆ ಬೆರೆಸಿ ಕಾಯಿಸಿದರೆ ನೀಲಿಯಾಗಿಯೇ ಉಳಿಯಬೇಕು. ಇಟ್ಟಿಗೆ ಕೆಂಪು, ಅಂದರೆ ಸಕ್ಕರೆ ವಿಪರೀತ.

ಡಾಕ್ಟರ ಬಳಿ ಓಡಿದೆ. "ಡೋಸ್ ಸ್ವಲ್ಪ ಜಾಸ್ತಿ ಮಾಡಮ್ಮ. ಹೊಸ ಸ್ಟಾಕ್ ಮಾತ್ರ ಕೇಳ್ಬೇಡ. ಫ್ರಾನ್ಸಿಂದ ಬಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ಜಾಸ್ತಿ ಮಾಡಿದೆ.

ನವೆಂಬರ್ 16

ಮತ್ತೆ ಕೆಂಪು. ಬ್ರೆಡ್ಡು ಅರ್ಧ ಮಾಡಿದೆ. ಡೋಸ್ ಇನ್ನೂ ಏರಿಸಿದೆ. ಹೊಟ್ಟೆ ತುಂಬಲೆಂದು ಕಾಫಿ... ದಿನಕ್ಕೆ ಎಂಟು ಲೋಟ ಇಳಿಸುತ್ತಾನೆ. ಬಾಯಾರಿಕೆ ನಿಲ್ಲುವುದಿಲ್ಲ. ಔಷಧಿಯೇ ಕೆಟ್ಟಿದೆಯೇ? ಭಯವಾಗುತ್ತದೆ. ಯಾರಿಗೆ ಹೇಳಲಿ?

"ನಾನು ಹೋದ್ರೆ ಒಬ್ಬ ಎರ್ಸಾಟ್ಸ್ ಗಂಡನ್ನ ನೋಡ್ಕೋ," ಎಂದ. "ಮರದ ಪುಡಿ ತುಂಬಿರೋನು. ಊಟ ಕೇಳಲ್ಲ."

ಬಾಯಿ ಮುಚ್ಚು ಎಂದೆ. ಹಿತ್ತಲಿಗೆ ಹೋಗಿ ಅತ್ತೆ.

ಡಿಸೆಂಬರ್ 4

ಪಕ್ಕದ ಮನೆ ಲೂಯಿಸಾ ಬ್ರೆಹೋ ಬಟ್ಟೆ ಒಗೆಯುವ ಹಂಡೆಯಲ್ಲಿ ಏನನ್ನೋ ಕುದಿಸುತ್ತಿದ್ದಳು. ಕ್ರಿಸ್‌ಮಸ್ ಕೇಕಿಗೆ ಪಾಕವಂತೆ. ಬೆರಳದ್ದಿ ನೆಕ್ಕಿಸಿದಳು. ಜೇನಿನಂಥ ಸಿಹಿ.

"ಯಾವುದ್ರಿಂದ ಮಾಡ್ದೆ?"

"ಇನ್ಯಾವುದು, ನೀನು ಕಾಫಿಗೆ ಹುರೀತೀಯಲ್ಲ, ಅದೇ ಬೀಟ್. ಸಕ್ಕರೆ ಮಿಲ್ಲಿಗೆ ಹಾಕೋ ಜಾತಿ ಕಣೇ."

ಹಂಡೆಯ ಅಂಚು ಹಿಡಿದು ನಿಂತೆ. ಕೈ ಸುಟ್ಟಿದ್ದೂ ತಿಳಿಯಲಿಲ್ಲ.

ಅದೇ ದಿನ, ಸಂಜೆ

ಕಾಫಿ ಎಂದು ಕರೆದೆವು, ನನ್ನ ಬುದ್ಧಿ ಅಲ್ಲೇ ನಿಂತಿತು. ಲೋಟ ಲೋಟ ಸಕ್ಕರೆ ಕುಡಿಸಿದೆ. ಅದನ್ನು ಇಳಿಸಲು ಇನ್ಸುಲಿನ್ ಸುರಿದೆ. ಈಸ್ಟರ್‌ವರೆಗಿನ ಔಷಧಿ ನನ್ನ ಕಾಫಿಗೇ ಖರ್ಚಾಯಿತು. ಇದ್ದ ಪುಡಿಯನ್ನೆಲ್ಲ ತಿಪ್ಪೆಗೆ ಎಸೆದೆ.

ಓಸ್ಮಂಡನಿಗೆ ಹೇಳಿದೆ. ತನ್ನ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ರುಚಿಯಾಗಿತ್ತು ಬಿಡು," ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಿಸೆಂಬರ್ 6

ಡೋಸ್ ಇಳಿಸಿದೆವು. ಬರೀ ಬಿಸಿನೀರು, ಎಲೆಕೋಸು. ದ್ರಾವಣ ಕೆಂಪು ಬಿಟ್ಟು ಹಸಿರಿಗೆ ತಿರುಗಿತು, ಸಕ್ಕರೆ ಇಳಿಯುತ್ತಿದೆ. ಬಂದರಿಗೆ ಹೋಗಿ ಬಂದೆ. ಫ್ರಾನ್ಸಿನ ದೋಣಿ ಬಂದಿದೆ — ಔಷಧಿಯಲ್ಲ, ಜರ್ಮನ್ನರ ಕೋಟೆಗಳಿಗೆ ಸಿಮೆಂಟು, ಬರೀ ಸಿಮೆಂಟು.

ಡಿಸೆಂಬರ್ 8, ಬೆಳಿಗ್ಗೆ

ನೀಲಿ. ಅಪ್ಪಟ ನೀಲಿ. ಓಸ್ಮಂಡ್ ಗಾಜಿನ ಕೊಳವೆಯನ್ನು ಕಿಟಕಿಗೆ ಹಿಡಿದು ನಕ್ಕ. "ನೋಡೇ, ಇಷ್ಟೇ ಇಷ್ಟು ಸಾಕಾಗಿತ್ತು ನಂಗೆ."

ಹೌದು. ಇಷ್ಟೇ ಸಾಕಿತ್ತು. ಕೊನೆಯ ಸೀಸೆಯನ್ನು ತಲೆಕೆಳಗೆ ಹಿಡಿದು ಸಿರಿಂಜಿಗೆ ಎಳೆದೆ. ಅರ್ಧ ಏರಿತು, ಆಮೇಲೆ ಗಾಳಿ. ಅವನಿನ್ನೂ ನಗುತ್ತಿದ್ದಾನೆ, ತೋಳು ಚಾಚಿ ಕುಳಿತಿದ್ದಾನೆ. ನಾನು ಅವನಿಗೆ ಇನ್ನೂ ಹೇಳಿಲ್ಲ, ಇದೇ ಕೊನೆಯದು ಎಂದು.