ಕೋಡಿ ಬೀಳದ ಗುಂಡಿಗಳು

ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಮ್
೧೪ ಮೇ ೨೦೨೫

ಪ್ರೀತಿಯ ಅಮೂಲ್ಯಾ,

ಬೈದುಕೊಂಡೇ ಓದು, ಆದರೆ ಓದು. ಫೋನು ನೀನು ಎತ್ತುವುದಿಲ್ಲ. ನೀನು ಹೆಡಿಂಗ್ಲೀಯಲ್ಲಿರುವ ನಿನ್ನ ಅಕ್ಕನ ಮನೆಗೆ ಹೊರಟುಹೋದ ಮೇಲೆ, ನಮ್ಮ ಈ ಬಾಡಿಗೆ ಮನೆಯಲ್ಲಿ ನಿನ್ನ ಕೋಣೆಯ ಮುಂದೆ ತಲೆ ತಗ್ಗಿಸಿಯೇ ನಡೆಯುತ್ತೇನೆ.

ತರಗತಿಗೆಂದು ನಾವಿಬ್ಬರೂ ಸೇರಿ ಮಾಡಿದ, ಕೆನಡಾದ ಹುಲ್ಲುಬಯಲಿನ ಆ ಪುಟ್ಟ ನದಿಯ ನಕ್ಷೆಯಲ್ಲಿ ಹೊಳೆಯ ಗೆರೆ ನಿನ್ನದು, ಸುತ್ತಲಿನ ನೀರುಗುಂಡಿಗಳನ್ನು ಅದಕ್ಕೆ ಜೋಡಿಸುವ ಕೆಲಸ ನನ್ನದು. ನಾನು ಶಿಡ್ಲಘಟ್ಟದವಳು. ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ ಎಂದು ನೋಡಿಕೊಂಡೇ ಬೆಳೆದವಳು. ಹಿಂದೆಮುಂದೆ ನೋಡದೆ ಗುಂಡಿಗಳನ್ನೆಲ್ಲ ಪೋಣಿಸಿ ಹೊಳೆಗೆ ತಂದು ಸೇರಿಸಿದೆ. ಆ ಬಯಲಿನಲ್ಲಿ ಹಿಮ ಕರಗಿದ ನೀರು ಎಷ್ಟೋ ಗುಂಡಿಗಳಲ್ಲಿ ನಿಂತಲ್ಲೇ ಆರಿಹೋಗುತ್ತದೆ, ಹೊಳೆಯ ಮುಖವನ್ನೇ ಕಾಣುವುದಿಲ್ಲ ಎಂದು ನೀನು ಹೇಳಿದ್ದೆ. ನೀರಿಗೆ ದಾರಿ ಹೇಳಿಕೊಡಬೇಕಾ ಎಂದು ನಾನು ನಕ್ಕಿದ್ದೆ.

ಗುಂಡಿಗಳಿಂದ ಹೊಳೆಗೆ ಈ ತಪ್ಪು ಗೆರೆಗಳನ್ನು ಎಳೆದವರು ಯಾರು ಎಂದು ಮೇಡಂ ತರಗತಿಯಲ್ಲಿ ಎಲ್ಲರೆದುರು ಕೇಳಿದರಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ; ನಾನು ತಪ್ಪು ನಿನ್ನದೆಂಬಂತೆ ನಿನ್ನ ಹೆಗಲು ನೋಡಿದೆ. ನೀನು ಒಂದು ಗಳಿಗೆ ನನ್ನನ್ನೇ ನೋಡಿ, ನಾನೇ ಎಂದೆ. ಬೇಸಿಗೆಯಲ್ಲಿ ಆ ನದಿಗೆ ಹೋಗುವ ತಂಡದಿಂದ ನಿನ್ನ ಹೆಸರು ಹೋಯಿತು, ಆ ಜಾಗಕ್ಕೆ ನನ್ನ ಹೆಸರು ಬಂತು. ನಾನು ಮೇಡಂಗೆ ಥ್ಯಾಂಕ್ಸ್ ಕೂಡ ಹೇಳಿದೆ. ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಇವತ್ತು ಬೆಳಿಗ್ಗೆ ಮೇಡಂಗೆ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ನಿನ್ನ ಹೆಸರನ್ನು ಮತ್ತೆ ಸೇರಿಸುತ್ತಾರಂತೆ. ಇನ್ನು ಮನೆಗೆ ಬಾ. ನಿನ್ನ ಅಮ್ಮ ಕಳಿಸಿದ ಉಪ್ಪಿನಕಾಯಿ ಜಾಡಿಯನ್ನು ಮುಟ್ಟಿಲ್ಲ ಎಂದರೆ ನೀನು ನಂಬುವುದಿಲ್ಲ, ಮುಟ್ಟಿದ್ದೇನೆ.

ಗೆಳತಿ ಎಂದು ಬರೆಯಲು ಕೈ ಬಾರದ,
ಗಾನವಿ

ತಾ.ಕ.: ಮೇಡಂಗೆ ಹೇಳಿಬಿಟ್ಟೆ ಎಂದು ಮೇಲೆ ಬರೆದದ್ದು ಸುಳ್ಳು. ಬರೆಯುವಾಗ ನಾನಿನ್ನೂ ಮನೆಯಲ್ಲೇ ಕೂತಿದ್ದೆ. ಅಂಚೆ ಡಬ್ಬಿಯವರೆಗೂ ಹೋದೆ, ಹಾಕಲು ಕೈ ಬರಲಿಲ್ಲ. ಈಗ ಮೇಡಂ ಕೋಣೆಯ ಹೊರಗೆ ಕೂತು, ಅಂಟಿಸಿದ್ದ ಲಕೋಟೆ ಹರಿದು ಇಷ್ಟನ್ನು ಸೇರಿಸುತ್ತಿದ್ದೇನೆ. ಒಳಗೆ ಯಾರೋ ಇದ್ದಾರೆ, ಮುಂದಿನ ಸರದಿ ನನ್ನದು. ಹೇಳದೆ ಇದನ್ನು ಅಂಚೆಗೆ ಹಾಕುವುದಿಲ್ಲ. ಈ ಕಾಗದ ನಿನ್ನ ಕೈಯಲ್ಲಿದೆ ಎಂದರೆ, ಹೇಳಿದ್ದೇನೆ.