ಅತ್ತೆ ಕೇಳಿದ್ದು

ಜೂನ್ ೧೪, ಶನಿವಾರ

ಲಕ್ವ ಹೊಡೆದ ಮೇಲೆ ಅತ್ತೆಗೆ ಮಾತಿಲ್ಲ, ಕಿವಿಯೂ ಹೋಯಿತು ಎಂದೇ ನಾವು ನಂಬಿದ್ದೆವು. ಹಾಗಾಗಿ ಅವರ ಸೀರೆ ಬದಲಿಸುವಾಗೆಲ್ಲ ನಾನು ದೇವರ ಜೊತೆ ಗಟ್ಟಿಯಾಗಿಯೇ ಜಗಳವಾಡುತ್ತಿದ್ದೆ. ಇವತ್ತೂ ಕಾರ್ಖಾನೆಯಿಂದ ಬಂದವಳೇ ಶುರು ಮಾಡಿದೆ. "ನೀನೇನು ಕಲ್ಲಾ? ಈ ಮನೇಲಿ ನಾನು ಉಂಡ್ನಾ, ಬಿಟ್ನಾ ಅಂತ ಕೇಳೋರು ಒಬ್ರಾದ್ರೂ ಇದಾರಾ?"

ಅತ್ತೆ ಥಟ್ಟನೆ ನನ್ನ ಕೈ ಹಿಡಿದುಕೊಂಡರು. ತುಟಿ ಬಹಳ ಹೊತ್ತು ಅದುರಿತು.

"ಉಂ... ಉಂಡ್ಯೇನೇ?"

ಅಯ್ಯೋ, ಇಷ್ಟು ದಿನದ ನನ್ನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡಿದ್ದಾರೆ! ತಟ್ಟೆ ತಂದು ಅವರ ಪಕ್ಕದಲ್ಲೇ ಕೂತು, ಅಳುತ್ತಲೇ ಉಂಡೆ. ಅವರು ಕಣ್ಣು ಕೀಳದೆ ನೋಡಿದರು.

ದೇವರಿಗೆ ಈಗ ಏನೆನ್ನಲಿ? ಇಬ್ಬರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದೆನಲ್ಲ...