ಅಡ್ಡಕ್ಕೆ ಎಳೆದ ಮುಖ

ಹುಬ್ಬಳ್ಳಿ,
ಗುರುವಾರ, ೨೧-೧೧-೨೦೨೪

ಪ್ರೀತಿಯ ಕಿರಣಣ್ಣಾ,

ನಿನಗೂ ದಾಕ್ಷಾಯಿಣಿ ವೈನಿಗೂ ಸೌಮ್ಯಾಳ ನಮಸ್ಕಾರ. ನಿನ್ನ ಬೆನ್ನುನೋವು ಈಗ ಹೇಗಿದೆ? ವಾಸ್ಕೋ ಬಂದರಿನ ಕೆಲಸದಲ್ಲಿ ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳುವವನಲ್ಲ, ಗೊತ್ತು. ವೈನಿ ಕಳಿಸಿದ ಕೋಕಂ ಮುಟ್ಟಿತು. ಅವ್ವ ದಿನಾ ಸಾರಿಗೆ ಹಾಕಿ ಹೊಗಳುತ್ತಾಳೆ.

ಮೊನ್ನೆ ಮಂಗಳವಾರ ಮನೆಯಲ್ಲಿ ನಡೆದದ್ದನ್ನು ನಿನಗೆ ಫೋನಿನಲ್ಲಿ ತಿಳಿಸಲಿಲ್ಲ. ಅವ್ವ ಬೇಡವೆಂದಳು. ಸಿಟ್ಟಾಗದೆ ಕೊನೆಯತನಕ ಓದು. ಅಪ್ಪನ ಮರೆವು ಈ ವರ್ಷ ಹೆಚ್ಚಾದದ್ದು ನಿನಗೆ ಗೊತ್ತೇ ಇದೆ. ಅಂದು ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಹಾಸಿಗೆ ಖಾಲಿ, ಬಾಗಿಲು ತೆರೆದಿತ್ತು. ಓಣಿ, ಮಠ, ಅವರು ನಲವತ್ತು ವರ್ಷ ಲೆಕ್ಕ ಬರೆದ ಹತ್ತಿ ಅಂಗಡಿ, ಎಲ್ಲಾ ಕಡೆ ಹುಡುಕಿದೆವು. ಹನ್ನೊಂದಕ್ಕೆ ಪೊಲೀಸರಿಗೆ ಬರೆದುಕೊಟ್ಟೆವು. ಅವರು ಇತ್ತೀಚಿನ ಫೋಟೊ ಕೇಳಿದರು. ಆಧಾರ್ ಕಾರ್ಡಿನದು ಹತ್ತು ವರ್ಷ ಹಳೆಯದು. ಕ್ಯಾಮೆರಾ ಕಂಡರೆ ಅಪ್ಪ ಮುಖ ತಿರುಗಿಸುವುದು ಮೊದಲಿನಿಂದಲೂ ಇದ್ದದ್ದೇ. ಉಳಿದದ್ದು ನನ್ನ ಮಗಳ ಹುಟ್ಟುಹಬ್ಬದ ದಿನ ನಾನು ಮೊಬೈಲಿನಲ್ಲಿ ಹಿಡಿದ ಅರ್ಧ ನಿಮಿಷದ ವಿಡಿಯೋ ಒಂದೇ.

ಅದಕ್ಕೆ ಹೆಸರು, ಫೋನ್ ನಂಬರು ಬರೆದು ಎಲ್ಲ ಗುಂಪುಗಳಿಗೂ ಕಳಿಸೋಣವೆಂದು ಕುಳಿತೆ. ಹುಟ್ಟುಹಬ್ಬದ ವಿಡಿಯೋವನ್ನು ಟಿ.ವಿ.ಯಲ್ಲಿ ನೋಡಲೆಂದು ಎಡಿಟಿಂಗ್ ಆ್ಯಪಿನ ಅಡ್ಡ ಚೌಕಟ್ಟಿನಲ್ಲಿ ಜೋಡಿಸಿಟ್ಟಿದ್ದೆನಲ್ಲ, ಅದನ್ನೇ ತೆರೆದೆ. ಅಪ್ಪನನ್ನು ಹಿಡಿದದ್ದು ಫೋನನ್ನು ನೆಟ್ಟಗೆ ನಿಲ್ಲಿಸಿ. ಅಡ್ಡ ಚೌಕಟ್ಟಿನಲ್ಲಿ ಅವರು ನಡುವೆ ಸಣ್ಣಗೆ ಕಂಡರು, ಎರಡೂ ಬದಿ ಕಪ್ಪು. ದೊಡ್ಡದಾಗಿ ಕಾಣಲಿ ಎಂದು ಎರಡೂ ಅಂಚು ಹಿಡಿದು ಪರದೆ ತುಂಬ ಎಳೆದೆ. ಎಕ್ಸ್‌ಪೋರ್ಟ್ ಮಾಡುವಾಗ ಎಲ್ಲಕ್ಕಿಂತ ದೊಡ್ಡ ಗುಣಮಟ್ಟ ಒತ್ತಿದೆ. ಫೈಲು ಎಷ್ಟು ಭಾರವಾಯಿತೆಂದರೆ ಅರ್ಧ ತಾಸು ಸುತ್ತಿದರೂ ಹೋಗಲಿಲ್ಲ. ಬೇಸತ್ತು ಎಲ್ಲಕ್ಕಿಂತ ಸಣ್ಣದನ್ನು ಒತ್ತಿದೆ. ಅದು ಮಸುಕು ಮಸುಕಾಗಿ ಹೋಯಿತು. ಹೋಯಿತಲ್ಲ ಎಂದು ನಾನು ನೋಡಲೂ ಇಲ್ಲ.

ಮಧ್ಯಾಹ್ನ ಮೂರರವರೆಗೆ ಒಂದು ಕರೆಯೂ ಬರಲಿಲ್ಲ. ಪಕ್ಕದ ಮನೆಯವರ ಫೋನಿನಲ್ಲಿ ಆ ವಿಡಿಯೋ ಬಂದಾಗ ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪಾರದು ಹಾಕಬೇ ಅಂದ್ರ ಇದ್ಯಾರದ್ದು ಹಾಕಿ?" ಎಂದಳು. ಐವತ್ತು ವರ್ಷ ಬಾಳಿದವಳು, ಅಣ್ಣಾ. ಅಪ್ಪನ ಉದ್ದನೆಯ ಒಣ ಮುಖ ಅದರಲ್ಲಿ ತಾಟಿನಂತೆ ಅಗಲವಾಗಿತ್ತು, ಸಣಕಲು ಭುಜಗಳು ಪೈಲ್ವಾನನವಾಗಿದ್ದವು. ಮೂರು ತಾಸಿನಿಂದ ಊರೆಲ್ಲ ಬೇರೆ ಯಾರನ್ನೋ ಹುಡುಕುತ್ತಿದೆ.

ದುರ್ಗದಬೈಲಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಆಫ್ತಾಬನ ಬಳಿಗೆ ಓಡಿದೆ. ಅವನು ಗಿರಾಕಿಗಳನ್ನು ನಿಲ್ಲಿಸಿ ಫೋನು ಇಸಿದುಕೊಂಡ. "ಅಕ್ಕಾರ, ಮೂಲ ಯಾವ ಅಳತಿ ಐತಿ, ಚೌಕಟ್ಟೂ ಅದ ಅಳತಿ ಇಡಬೇಕ್ರಿ. ಎಳದ್ರ ಮನಷ್ಯಾನ ಬದಲಾಗತಾನ," ಎಂದ. ಹೊಸದಾಗಿ ನೆಟ್ಟನೆಯ ಚೌಕಟ್ಟು, ಒಂಬತ್ತಕ್ಕೆ ಹದಿನಾರು, ತೆರೆದ. ಗುಣಮಟ್ಟ ತೀರಾ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ, ಸಾವಿರದ ಎಂಬತ್ತಕ್ಕೆ ಇಟ್ಟ. ಅಪ್ಪ ಅಪ್ಪನಂತೆ ಕಂಡರು. ಕಳಿಸುವ ಮುಂಚೆ ಪೂರ್ತಿ ನೋಡಿಸಿದ. ಹತ್ತು ನಿಮಿಷದಲ್ಲಿ ಎಲ್ಲ ಗುಂಪುಗಳಿಗೂ ಹೊಸದು ಹೋಯಿತು.

ಐದಕ್ಕೆ ಕರೆ ಬಂತು. ಧಾರವಾಡದ ಕೆಲಗೇರಿಯಲ್ಲಿ ಚಹಾದಂಗಡಿ ಇಟ್ಟ ಗೌಸಸಾಬ ಎಂಬ ಹಿರಿಯರು. "ಯವ್ವಾ, ಇವರು ಮುಂಜಾನಿಂದ ನಮ್ಮ ಬೆಂಚಿನ ಮ್ಯಾಲ ಕುಂತಿದ್ರು. ಮಧ್ಯಾಹ್ನ ಬಂದ ವಿಡಿಯೋದಾಗ ಇದ್ದಾವರು ದಪ್ಪನ ಮನಷ್ಯಾ, ಇವರಲ್ಲಂತ ಬಿಟ್ಟೆ. ಈಗ ಅರ್ಧ ತಾಸಿನ ಹಿಂದ ಎದ್ದು ಕೆರಿ ಕಡೆ ಹೋದ್ರು."

ಕೆರೆ ಎಂಬ ಮಾತು ಕೇಳಿದ್ದೇ ಆಫ್ತಾಬನನ್ನು ಕರೆದೆ. ಅವನು ಕಾರು ತೆಗೆದ. ನವನಗರ ದಾಟುವಾಗ ಹೊತ್ತು ಇಳಿಯುತ್ತಿತ್ತು. ಗೌಸಸಾಬರು ಅಂಗಡಿ ಬಿಟ್ಟು ದಂಡೆಯ ಮೇಲೆ ಹುಡುಕುತ್ತಿದ್ದರು. ನೀರಿನ ಅಂಚಿನ ಕಲ್ಲಿನ ಮೇಲೆ ಅಪ್ಪ ಸಿಕ್ಕರು. ಮೊಣಕಾಲಿನವರೆಗೆ ಧೋತರ ನೆನೆದಿತ್ತು. ಕೈ ಹಿಡಿದೆ. "ನೀವು ಯಾರ ಪೈಕಿ, ತಂಗಿ?" ಎಂದು ಮರ್ಯಾದೆಯಿಂದ ಕೇಳಿದರು. ಅವ್ವನ ಹೆಸರು ಹಿಡಿದು, "ಈರವ್ವಾರು ಕರದಾರ್ರಿ" ಎಂದೆ. "ಹಂಗಾದ್ರ ಹೋಗೂಣು," ಎಂದು ಎದ್ದರು.

ಈಗ ಆರಾಮವಿದ್ದಾರೆ. ಸ್ವಲ್ಪ ನೆಗಡಿಯಾಗಿದೆ ಅಷ್ಟೆ. ಅವ್ವ ಒಂದು ಗಳಿಗೆಯೂ ಬಿಟ್ಟು ಏಳುವುದಿಲ್ಲ. ನಿಮ್ಮಿಬ್ಬರಿಗೂ ಅವಳ ಆಶೀರ್ವಾದ ಬರೆ ಎಂದಿದ್ದಾಳೆ. ವೈನಿ ವೇಳೆಗೆ ಸರಿಯಾಗಿ ಉಣ್ಣಲಿ.

ನಿನ್ನ ತಂಗಿ,
ಸೌಮ್ಯಾ

ತಾ.ಕ.: ಇದನ್ನು ಅವ್ವನಿಗೂ ಹೇಳಿಲ್ಲ. ಸೋಮವಾರ ಅಪ್ಪ ಊಟ ಒಲ್ಲೆನೆಂದು ಹಟ ಹಿಡಿದಾಗ, "ನಾಳೆ ಕಿರಣಣ್ಣ ಬರ್ತಾನ್ರಿ, ಉಣ್ರಿ" ಎಂದು ನಾನೇ ಸುಳ್ಳು ಹೇಳಿದ್ದೆ. ಗೌಸಸಾಬರು ಹೇಳಿದರು, ಅವರು ಕೆಲಗೇರಿಯ ಆ ರಸ್ತೆಯಲ್ಲಿ ನಿನ್ನ ಗೋವಾ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಎದ್ದು ನಿಂತು ಇಳಿಯುವವರ ಮುಖ ನೋಡುತ್ತಿದ್ದರಂತೆ. ನೀನೂ ಅಪ್ಪನೂ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ತಪ್ಪು ಯಾರದೆಂಬುದು ಅವರಿಗೆ ಈಗ ನೆನಪಿಲ್ಲ, ನೀನೂ ಬಿಡು. ನನ್ನ ಹೆಸರು ಮರೆತಿದ್ದಾರೆ, ನಿನ್ನದು ಇನ್ನೂ ಇದೆ. ಈ ಭಾನುವಾರವೇ ಬಾ.